ಬೀಗರ ಮೀಸೆಯಲ್ಲಿ ರೇಷ್ಮೆ ಹುಳು

ಚೆನ್ನಾಗಿರುವುದನ್ನು ಚೆನ್ನಾಗಿರಲು ಬಿಡುವ ಸ್ವಭಾವ ನನ್ನದಲ್ಲ. ಮಜ್ಜಿಗೆಹುಳಿ ರುಚಿಯಾಗಿದ್ದರೆ ಅದಕ್ಕೆ ನಿನ್ನೆಯ ಸಾರನ್ನು ಬೆರೆಸಿ ನೋಡೋಣ ಎನ್ನಿಸುತ್ತದೆ. ಇಂಥವನ ಕೈಗೆ, ಅದರಲ್ಲೂ ನಿವೃತ್ತನಾದ ಗಣಿತದ ಮೇಷ್ಟ್ರ ಕೈಗೆ, ಎರಡು ಚಲಿಸುವ ಚಿತ್ರಗಳನ್ನು ಒಂದರ ಮೇಲೊಂದು ಬೆರೆಸುವ ಆ್ಯಪ್ ಸಿಕ್ಕಿದರೆ ಏನಾಗಬೇಕೋ ಅದೇ ಆಯಿತು. ಮೊದಲ ವಾರ ನಂದಿಬೆಟ್ಟದ ಮಂಜಿನೊಳಗೆ ನಮ್ಮ ಮನೆಯ ಎಮ್ಮೆಯನ್ನು ಮೆಲುಕು ಹಾಕಿಸಿದೆ. ಎರಡನೆಯ ವಾರ ನನ್ನ ಹೆಂಡತಿ ಮಂಜುಳಾಳ ಮುಖದೊಳಗೆ ಕುದಿಯುವ ಹಾಲನ್ನು ಉಕ್ಕಿಸಿದೆ. ಅದನ್ನು ಪ್ರೀತಿಯಿಂದಲೇ ಮಾಡಿದ್ದೆ. ಅವಳು ಎರಡು ದಿನ ಕಾಫಿ ಕೊಡಲಿಲ್ಲ.

ಹೀಗಿರುವಾಗ ಅಕ್ಕನ ಮಗಳು ನವ್ಯಳಿಗೆ ಮಂಚೇನಹಳ್ಳಿಯ ಸಂಬಂಧ ಕೂಡಿಬಂತು. ಹುಡುಗ ಪಶುವೈದ್ಯ. ಅವರದು ಮೆಕ್ಕೆಜೋಳ, ಹಸು, ಒಂದಿಷ್ಟು ದಾಳಿಂಬೆಯ ಮನೆತನ. ನಾವು ಶಿಡ್ಲಘಟ್ಟದವರು, ತಲೆತಲಾಂತರದಿಂದ ರೇಷ್ಮೆ ಹುಳು ಸಾಕಿ ಬದುಕಿದವರು. ಅಕ್ಕ ಈಗಲೂ ಸಾಕುತ್ತಾಳೆ. ಹುಡುಗ ಹುಡುಗಿ ಒಬ್ಬರನ್ನೊಬ್ಬರು ಎಷ್ಟು ಮೆಚ್ಚಿದ್ದರೆಂದರೆ, ನವ್ಯ ಫೋನು ಕಿವಿಗಿಟ್ಟುಕೊಂಡೇ ಹುಳುವಿಗೆ ಸೊಪ್ಪು ಹಾಕುವುದನ್ನು ನೋಡಿ ಅಕ್ಕ ಬೈಯುವುದನ್ನೇ ನಿಲ್ಲಿಸಿದ್ದಳು. ನಿಶ್ಚಿತಾರ್ಥದ ಕರೆಯೋಲೆಯನ್ನು ವಾಟ್ಸಾಪಿನಲ್ಲಿ ಕಳಿಸೋಣ ಎಂದು ಮಾತಾದಾಗ, ಸೋದರಮಾವನಾದ ನಾನು ಆ ಕೆಲಸವನ್ನು ಯಾರೂ ಕೇಳುವ ಮುಂಚೆಯೇ ಒಪ್ಪಿಕೊಂಡೆ.

ಎರಡು ಕುಟುಂಬ ಒಂದಾಗುವುದನ್ನು ಎರಡು ಚಿತ್ರ ಒಂದಾಗಿಸಿಯೇ ತೋರಿಸಬೇಕು ಎಂಬುದು ನನ್ನ ಆಲೋಚನೆ. ಹೆಣ್ಣು ನೋಡಲು ಬಂದ ದಿನ ಬೀಗರು, ಅಂದರೆ ಹುಡುಗನ ತಂದೆ, ನಮ್ಮ ಜಗಲಿಯ ಸುಣ್ಣದ ಗೋಡೆಯ ಮುಂದೆ ಬಿಳಿ ಅಂಗಿಯಲ್ಲಿ ಕೂತು, ಮೀಸೆ ತಿರುವಿ ನಕ್ಕಿದ್ದನ್ನು ನಾನು ವಿಡಿಯೋ ಮಾಡಿಕೊಂಡಿದ್ದೆ. ಅವರ ಪರವಾಗಿ ಅದು. ನಮ್ಮ ಪರವಾಗಿ, ಅಕ್ಕನ ಹುಳುಮನೆಯಲ್ಲಿ ನಾಲ್ಕನೇ ಜ್ವರದಿಂದ ಎದ್ದ ಹುಳುಗಳು ತಟ್ಟೆಯ ತುಂಬ ಹಿಪ್ಪುನೇರಳೆ ಸೊಪ್ಪು ಮೇಯುವ ವಿಡಿಯೋ. ಜ್ವರವೆಂದರೆ ಕಾಯಿಲೆಯಲ್ಲ. ಹುಳು ಮೇವು ಬಿಟ್ಟು ತಲೆಯೆತ್ತಿ ಸುಮ್ಮನಿದ್ದು ಚರ್ಮ ಕಳಚುವುದಕ್ಕೆ ನಮ್ಮ ಕಡೆ ಹಾಗನ್ನುತ್ತಾರೆ. ನಾಲ್ಕನೆಯದು ಮುಗಿಸಿ ಎದ್ದ ಹುಳುವಿನ ಹಸಿವೆಂದರೆ ಹಸಿವು. ಹೊರಗೆ ನಿಂತರೆ ಒಳಗೆ ಮಳೆ ಬರುತ್ತಿದೆ ಎನ್ನಿಸಬೇಕು, ಹಾಗೆ ಮೇಯುತ್ತವೆ. ನಮ್ಮ ಮನೆಗಳಲ್ಲಿ ಆ ಸದ್ದು ಕೇಳಿದರೆ ಮುದುಕರೂ ಎದ್ದು ಓಡಾಡುತ್ತಾರೆ. ನನ್ನ ಓದು, ಅಕ್ಕನ ಮದುವೆ, ಮನೆಯ ತಾರಸಿ ಎಲ್ಲವೂ ಆ ಸದ್ದಿನಿಂದಲೇ ಆದದ್ದು.

ಆ್ಯಪ್‌ನಲ್ಲಿ ಬೆರೆಸುವುದಕ್ಕೆ ಹತ್ತಾರು ಬಗೆಯಿವೆ. ನಾನು ಆರಿಸಿಕೊಂಡದ್ದರ ಗುಣವೇನೆಂದರೆ, ಕೆಳಗಿನ ಚಿತ್ರ ಎಲ್ಲಿ ಕಪ್ಪಗಿದೆಯೋ ಅಲ್ಲಿ ಮಾತ್ರ ಮೇಲಿನ ಚಿತ್ರ ಸ್ಪಷ್ಟವಾಗಿ ಕಾಣುತ್ತದೆ. ಬೆಳ್ಳಗಿರುವ ಕಡೆ ಕರಗಿಹೋಗುತ್ತದೆ. ಬೀಗರ ಗೋಡೆ ಬಿಳಿ, ಅಂಗಿ ಬಿಳಿ. ಅವರಲ್ಲಿ ಕಪ್ಪಗಿದ್ದದ್ದು ಎರಡೇ, ಹೊಸದಾಗಿ ಬಣ್ಣ ಹಚ್ಚಿಸಿಕೊಂಡಿದ್ದ ತಲೆಗೂದಲು ಮತ್ತು ಮೀಸೆ. ಹೀಗಾಗಿ ನಮ್ಮ ಹುಳುಗಳೆಲ್ಲ ಆ ಎರಡು ಜಾಗದಲ್ಲಿ ನೆಲೆಸಿದವು. ಇನ್ನೊಂದು ತೊಡಕಿತ್ತು. ಬೀಗರ ನಗು ಚಿಕ್ಕದು, ಹುಳುಗಳ ಊಟ ದೊಡ್ಡದು. ಎರಡೂ ಒಟ್ಟಿಗೆ ಮುಗಿದು ಒಟ್ಟಿಗೆ ಶುರುವಾಗಲೆಂದು ಹುಳುಗಳ ವೇಗ ಹೆಚ್ಚಿಸಿದೆ. ಬೀಗರು ಒಮ್ಮೆ ಮೀಸೆ ತಿರುವಿ ನಗುವಷ್ಟರಲ್ಲಿ ಅವು ಗಬಗಬನೆ ಮೇದು, ಅವರು ಮತ್ತೆ ನಗಲು ಶುರುಮಾಡಿದಾಗ ತಾವೂ ಶುರುಮಾಡುತ್ತಿದ್ದವು.

ನಿನಗೆ ಕಣ್ಣಿರಲಿಲ್ಲವೇ ಎಂದು ನೀವು ಕೇಳಬಹುದು. ಇತ್ತು. ಆದರೆ ಶಿಡ್ಲಘಟ್ಟದವನ ಕಣ್ಣು ಹುಳು ಕಂಡ ಮೇಲೆ ಬೇರೇನನ್ನೂ ಕಾಣುವುದಿಲ್ಲ. ಕಳಿಸುವ ಮುಂಚೆ ಜವಾಬ್ದಾರಿಯಿಂದ ಮಂಜುಳಾಳಿಗೂ ತೋರಿಸಿದೆ. ಅವಳು ಕನ್ನಡಕ ಏರಿಸಿ, ಹುಳು ಒಂದೇ ಸಮ ಮೇಯುತ್ತಿದೆ, ಒಂದೂ ಸಪ್ಪಗಿಲ್ಲ ಎಂದು ಮೆಚ್ಚಿದಳು. ಅಕ್ಕ ನೋಡಿ, ಹುಳು ಪರವಾಗಿಲ್ಲ, ಸೊಪ್ಪು ಮಾತ್ರ ಸ್ವಲ್ಪ ಬಲಿತಿದೆ ಎಂದಳು. ಬೀಗರ ಬಗ್ಗೆ ಇಬ್ಬರೂ ಚಕಾರ ಎತ್ತಲಿಲ್ಲ. ಅವರು ಬೀಗರನ್ನು ನೋಡಿಯೇ ಇರಲಿಲ್ಲ. ತೇರ್ಗಡೆಯಾಯಿತೆಂದು ನಾನು ಎರಡೂ ಮನೆಯವರಿದ್ದ ಗ್ರೂಪಿಗೆ ಕಳಿಸಿ, ಹೊಗಳಿಕೆಗಾಗಿ ಕಾದು ಕೂತೆ.

ಮೊದಲು ಗೌರಿಬಿದನೂರಿನಿಂದ ಅವರ ಕಡೆಯ ಯಾರೋ ಕೈಮುಗಿದ ಚಿತ್ರ ಹಾಕಿದರು. ನಮಸ್ಕಾರವೆಂದುಕೊಂಡೆ. ಇನ್ನೊಬ್ಬರು, ಯಜಮಾನರಿಗೆ ಏನಾಗಿತ್ತು, ಮೊನ್ನೆ ಚೆನ್ನಾಗಿದ್ದರಲ್ಲ ಎಂದು ಬರೆದರು. ಮೂರನೆಯವರು ಓಂ ಶಾಂತಿ ಎಂದರು. ಆಗ ನಾನು ಮೊದಲ ಬಾರಿಗೆ ಹುಳು ಬಿಟ್ಟು ಮನುಷ್ಯನನ್ನು ನೋಡಿದೆ. ಗ್ರೂಪಿನವರು ಸಾಯಿಸಿದ ಮೇಲೂ ನಗುತ್ತಲೇ ಇದ್ದ ಬೀಗರು, ತಲೆಯಲ್ಲಿ, ಮೀಸೆಯಲ್ಲಿ ಹುಳು.

ಸಂಜೆ ಬೀಗರ ಮನೆಯಿಂದ ಅಕ್ಕನಿಗೆ ಫೋನು ಬಂತು. ನಿಶ್ಚಿತಾರ್ಥದ ದಿನದ ಬಗ್ಗೆ ಆಮೇಲೆ ಮಾತಾಡೋಣ ಎಂದಷ್ಟೇ ಹೇಳಿ ಇಟ್ಟರಂತೆ. ಅಕ್ಕ ನನ್ನನ್ನು ಬೈದದ್ದನ್ನು ಇಲ್ಲಿ ಬರೆಯಲಾರೆ, ಅರ್ಧ ತೆಲುಗಿನಲ್ಲಿತ್ತು. ಅದು ನನಗೆ ತಾಗಲಿಲ್ಲ. ನವ್ಯ ಬಂದು, "ಕೋಪ ಇಲ್ಲ ಮಾಮ, ನೀವು ಪ್ರೀತಿಯಿಂದಲೇ ಮಾಡಿದ್ದು" ಎಂದು ಹೇಳಿ, ಹುಳುಮನೆಗೆ ಹೋಗಿ ಬಾಗಿಲು ಹಾಕಿಕೊಂಡಳು. ಅದು ತಾಗಿತು. ಆ ಹುಡುಗಿಯ ಸಂತೋಷ ನನ್ನ ಬೆರಳ ತುದಿಯಿಂದ ಹಾಳಾಯಿತಲ್ಲ ಎಂದು ನಿಜವಾಗಿ ದುಃಖವಾಯಿತು.

ಮರುದಿನ ಬೆಳಿಗ್ಗೆಯೇ ಬಸ್ಸು ಹತ್ತಿದೆ. ಚಿಕ್ಕಬಳ್ಳಾಪುರದಲ್ಲಿ ಬಸ್ಸು ಬದಲಿಸುವಾಗ ಹೂವು ಹಣ್ಣು ಕೊಂಡೆ. ಬೀಗರಿಗೆ ಸಮಾಧಾನವಿದ್ದರೆ ಕನ್ನಡ, ಇಲ್ಲದಿದ್ದರೆ ತೆಲುಗು ಬರುತ್ತದೆ, ನೋಡಿಕೊಂಡು ಮಾತಾಡು ಎಂದು ಅಕ್ಕ ಎಚ್ಚರಿಸಿದ್ದಳು. ಮಂಚೇನಹಳ್ಳಿಯ ಅವರ ಮನೆ ಬಾಗಿಲು ತೆಗೆದವರು ಬೋಳುಮುಖದ ಹಿರಿಯರೊಬ್ಬರು. ಬೀಗರ ಅಣ್ಣನಿರಬೇಕೆಂದುಕೊಂಡು, ಯಜಮಾನರು ಇದ್ದಾರೆಯೇ ಎಂದು ಕೇಳಿದೆ.

"ನಾನೇ ಕಣಪ್ಪ. ಕೂಚೋಂಡಿ" ಎಂದರು. ಕೂರಿ ಎಂದದ್ದು ತೆಲುಗಿನಲ್ಲಿ. ನಾನು ಕುರ್ಚಿಯ ತುದಿಯಲ್ಲಿ ಕೂತೆ.

ಮೀಸೆ ಹೋಗಿದ್ದರ ಕಥೆಯನ್ನು ಒಳಗಿನಿಂದ ಬಂದ ಬೀಗಿತ್ತಿಯೇ ಹೇಳಿದರು. ಆ ಚಿತ್ರ ನೋಡಿದಾಗಿನಿಂದ ಗಂಡ ಊಟಕ್ಕೆ ಕೂತು ಮೀಸೆ ಮುಟ್ಟಿದಾಗಲೆಲ್ಲ ಆಕೆಗೆ ನಗು ತಡೆಯಲಾಗಲಿಲ್ಲವಂತೆ. ಮೂರು ಸಲ ಸಹಿಸಿ, ಗಂಡ ತಟ್ಟೆ ಬಿಟ್ಟೆದ್ದು ಹೋಗಿ ಬೋಳಿಸಿಕೊಂಡು ಬಂದರಂತೆ. ಇಷ್ಟು ಹೇಳುವುದರಲ್ಲಿ ಆಕೆಗೆ ಮತ್ತೆ ನಗು ಬಂದು, ಸೆರಗು ಬಾಯಿಗೆ ಹಿಡಿದು ಒಳಗೆ ಹೋದರು.

ಬೀಗರು ನಗಲಿಲ್ಲ, ತೆಲುಗನ್ನೂ ಬಿಡಲಿಲ್ಲ; ಕನ್ನಡಕ್ಕಿಳಿಸಿದರೆ ಕೇಳಿದ್ದು ಇಷ್ಟು: "ಮೇಷ್ಟ್ರೇ, ಮೀಸೆ ಹೋಗ್ಲಿ. ಒಂದೇ ಮಾತು ಕೇಳ್ತೀನಿ. ನಿಮ್ಮ ಅಪ್ಪನ ಮುಖದ ಮೇಲೆ ಹೀಗೆ ಹುಳ ಬಿಡ್ತಿದ್ರಾ?"

ನಾನು ಯೋಚಿಸದೆ, "ಬಿಡ್ತಿದ್ದೆ" ಎಂದುಬಿಟ್ಟೆ. ಆಮೇಲೆ ನಿಲ್ಲಿಸಲಾಗಲಿಲ್ಲ. ನಮ್ಮಮ್ಮ ಹುಳುಮನೆಗೆ ಚಪ್ಪಲಿ ಬಿಟ್ಟು, ಕೈಕಾಲು ತೊಳೆದೇ ಹೋಗುತ್ತಿದ್ದದ್ದು, ಹೊರಗಿನವರ ಕಣ್ಣು ಬೀಳದಂತೆ ಕಾಯುತ್ತಿದ್ದದ್ದು, ಗೂಡು ಕಟ್ಟಲು ಹಣ್ಣಾದ ಹುಳುವನ್ನು ನಮ್ಮ ಅಂಗೈ ಮೇಲೆ ಬಿಟ್ಟು ಕಣ್ಣಿಗೆ ಒತ್ತಿಕೊಳ್ಳಿರೆನ್ನುತ್ತಿದ್ದದ್ದು ಎಲ್ಲವನ್ನೂ ಹೇಳಿದೆ. ನಮ್ಮಲ್ಲಿ ಹುಳು ಮೇಯುವುದನ್ನು ಯಾರಿಗೂ ತೋರಿಸುವುದಿಲ್ಲ, ದೃಷ್ಟಿಯಾಗುತ್ತದೆ, ನಿಮ್ಮನ್ನು ನಮ್ಮವರೆಂದುಕೊಂಡೇ ತೋರಿಸಿದೆ ಎಂದೆ. ಅದು ನೆಪವಾಗಿರಲಿಲ್ಲ.

ಬೀಗರು ಬೋಳು ತುಟಿಯ ಮೇಲೆ ಬೆರಳಾಡಿಸಿದರು. ನಮ್ಮ ಕಡೆ ಹುಳ ಅಂದರೆ ಜೋಳಕ್ಕೆ ಬೀಳೋ ಹುಳ, ಕಂಡರೆ ಔಷಧಿ ಹೊಡೆಯುತ್ತೇವೆ ಎಂದರು. ಅಷ್ಟು ಹೇಳಿದ್ದು ಶುದ್ಧ ಕನ್ನಡದಲ್ಲಿ. ನನಗೆ ಜೀವ ಬಂತು. ಆಮೇಲೆ, "ನಿಶ್ಚಿತಾರ್ಥ ಆ ದಿನವೇ ಮಾಡಣ. ಆದ್ರೆ ಛತ್ರದಲ್ಲಿ ದೊಡ್ಡ ಪರದೆ ಹಾಕ್ಬೇಕು. ನನ್ನ ಚಿತ್ರದ ಪಕ್ಕ ನಿಮ್ಮದೂ ಇರ್ಬೇಕು, ಹುಳದ ಸಮೇತ" ಎಂದರು.

ಒಪ್ಪದೆ ಬೇರೆ ದಾರಿಯಿರಲಿಲ್ಲ. ಆದರೆ ವಾಪಸ್ಸು ಬರುವಾಗ ಬಸ್ಸಿನಲ್ಲಿ ಗಣಿತದ ಮೇಷ್ಟ್ರ ತಲೆ ಓಡಿತು. ಹುಳು ಕಾಣುವುದು ಕಪ್ಪಿದ್ದ ಕಡೆ ಮಾತ್ರ. ನನ್ನ ತಲೆ ಪೂರ್ತಿ ಬೋಳು, ಮೀಸೆ ಇಲ್ಲ, ಹುಬ್ಬು ಕೂಡ ನರೆತಿದೆ. ನನ್ನ ಮುಖದಲ್ಲಿ ಹುಳುವಿಗೆ ಕೂರಲು ಜಾಗವೇ ಇಲ್ಲ. ಮಾತು ಉಳಿಸಿಕೊಂಡ ಹಾಗೂ ಆಯಿತು, ಮಾನ ಉಳಿದ ಹಾಗೂ ಆಯಿತು ಎಂದು ಒಳಗೊಳಗೇ ಹಿಗ್ಗಿದೆ. ನನ್ನ ಕೈಗೆ ಫೋನು ಕೊಡಬಾರದೆಂದು ಮನೆಯಲ್ಲಿ ತೀರ್ಮಾನವಾಗಿದ್ದರಿಂದ ಚಿತ್ರ ಬೆರೆಸುವ ಕೆಲಸ ನವ್ಯ ವಹಿಸಿಕೊಂಡಳು. ನಾನು ಧಾರಾಳವಾಗಿ ಒಪ್ಪಿದೆ.

ಛತ್ರದಲ್ಲಿ ದೀಪ ಆರಿಸಿ ಪರದೆ ಬೆಳಗಿಸಿದರು. ಬೀಗರ ಚಿತ್ರಕ್ಕೆ ಜನ ಬಿದ್ದುಬಿದ್ದು ನಕ್ಕರು, ಅವರೂ ನಕ್ಕರು. ಆಮೇಲೆ ನನ್ನದು ಬಂತು. ಹೆಣ್ಣು ನೋಡಲು ಬಂದವರಿಗೆ ನಾನು ರೇಷ್ಮೆಯ ಬಗ್ಗೆ ವಿವರಿಸುತ್ತಿದ್ದ ದೃಶ್ಯವನ್ನು ನವ್ಯ ಆರಿಸಿದ್ದಳು. ಬೋಳುತಲೆ ಲಕಲಕ ಹೊಳೆಯುತ್ತಿತ್ತು, ಕೆನ್ನೆಯ ಮೇಲೆ ಒಂದೂ ಹುಳುವಿಲ್ಲ. ಇಡೀ ಮುಖದಲ್ಲಿ ಕಪ್ಪಗಿದ್ದದ್ದು ಒಂದೇ ಜಾಗ, ತೆರೆದ ನನ್ನ ಬಾಯಿ. ಹುಳುಗಳೆಲ್ಲ ಅದರಲ್ಲಿ ತುಂಬಿಕೊಂಡು ಮೇಯುತ್ತಿದ್ದವು. ಪಕ್ಕದಲ್ಲಿ ಕೂತಿದ್ದ ಮಂಜುಳಾ ಕಣ್ಣೊರೆಸಿಕೊಂಡು ಹೇಳಿದಳು: "ಒಂದು ನಿಮಿಷ ಬಾಯಿ ಮುಚ್ಚಿಕೊಂಡಿದ್ದಿದ್ರೆ ಒಂದು ಹುಳಾನೂ ಕಾಣ್ತಿರ್ಲಿಲ್ಲ ಕಣ್ರೀ. ಪಾಪ, ನವ್ಯ ಇಡೀ ವಿಡಿಯೋ ಹುಡುಕಿದ್ಲು, ಅಂಥ ಒಂದು ನಿಮಿಷ ಸಿಗ್ಲಿಲ್ಲವಂತೆ."