ಭಾವನ ಬಾಯಿಗೆ ಒಂದು ದಿನದ ರಜೆ

ನಮ್ಮ ಭಾವನ ಮನೆಯಲ್ಲಿ ಕಸದ ಬುಟ್ಟಿಗೆ ಕೆಲಸವೇ ಇಲ್ಲ. ಅದರೊಳಗೆ ಬೀಳಬೇಕಾದದ್ದೆಲ್ಲ ಮನೆಗೆ ಬಂದವರ ಹೊಟ್ಟೆಗೆ ಬೀಳುತ್ತದೆ!

ನಂಬಿಕೆ ಬರಲಿಲ್ಲವೇ? ಜಯನಗರದ ನನ್ನ ಅಕ್ಕನ ಮನೆಗೆ ಒಂದು ಭಾನುವಾರ ಊಟಕ್ಕೆ ಹೋಗಿ ನೋಡಿ. ಹೀರೇಕಾಯಿ ಸಿಪ್ಪೆಯ ಚಟ್ನಿ, ಕಲ್ಲಂಗಡಿಯ ಬಿಳಿ ಭಾಗದ ದೋಸೆ, ಕೊತ್ತಂಬರಿ ದಂಟಿನ ಸಾರು. ರುಚಿಯಾಗಿಯೇ ಇರುತ್ತವೆ, ಸುಳ್ಳೇಕೆ ಹೇಳಲಿ, ಅಕ್ಕನ ಕೈಗುಣ ಅಂಥದ್ದು. ಆದರೆ ಆ ಹೀರೇಕಾಯಿ ಏನಾಯಿತು, ಕಲ್ಲಂಗಡಿ ಹಣ್ಣನ್ನು ಯಾರು ತಿಂದರು ಎಂದು ಮಾತ್ರ ಕೇಳಬಾರದು. "ಅದು ನಿನ್ನೇನೇ ಮುಗೀತಲ್ಲಮ್ಮ" ಎನ್ನುತ್ತಾರೆ ಭಾವ. ಅಂದರೆ ತಿರುಳನ್ನೆಲ್ಲ ಶನಿವಾರ ತಾವು ತಿಂದು, ಸಿಪ್ಪೆಗೆ ಸರಿಯಾಗಿ ನಮ್ಮನ್ನು ಕರೆಯುತ್ತಾರೆ! ಒಮ್ಮೆ ನನ್ನ ಯಜಮಾನರು ಊಟದ ಕೊನೆಗೆ ಬಾಳೆಹಣ್ಣು ತಿಂದು, ಸಿಪ್ಪೆ ಕೈಯಲ್ಲಿ ಹಿಡಿದು ದಿಕ್ಕು ತೋಚದೆ ಕೂತುಬಿಟ್ಟರು.

"ಇದನ್ನೂ ತಿನ್ಬೇಕಾ?" ಎಂದು ನನ್ನ ಕಿವಿಯಲ್ಲಿ ಕೇಳಿದರು. ಭಾವನಿಗೆ ಕೇಳಿಸಿತು.

"ಛೆ ಛೆ, ಅದು ಗುಲಾಬಿ ಗಿಡದ್ದು. ನೀವು ಕೇಳಿದ್ರೂ ಕೊಡಲ್ಲ!"

ಇನ್ನು ಅವರ ಚೀಲಗಳು. ಪ್ಲಾಸ್ಟಿಕ್ ಕವರ್ ಮುಟ್ಟುವುದಿಲ್ಲ, ಸರಿ. ಬಟ್ಟೆ ಚೀಲ ಹಿಡಿಯುತ್ತಾರೆ, ಅದೂ ಸರಿ. ಆದರೆ ಹೊಸ ಬಟ್ಟೆಯಲ್ಲಿ ಚೀಲ ಹೊಲಿಸಿದರೆ ಅದು ದಂಡವಂತೆ! ಹಾಗಾಗಿ ಆಫೀಸಿಗೆ ಹಾಕಿಕೊಂಡು ಹೋಗುತ್ತಿದ್ದ ಹಳೆಯ ಪ್ಯಾಂಟುಗಳೇ ಚೀಲವಾದವು. ಸೊಂಟದ ಭಾಗ ಆಲೂಗಡ್ಡೆ, ಈರುಳ್ಳಿಗೆ. ಜೇಬಿನಲ್ಲಿ ಹಸಿಮೆಣಸಿನಕಾಯಿ. ಕಾಲುಗಳನ್ನು ಕತ್ತರಿಸಿ, ತುದಿ ಹೊಲಿದು, ಪಡವಲಕಾಯಿಗೆ ಮೀಸಲಿಟ್ಟಿದ್ದಾರೆ. ಹೆಗಲ ಮೇಲೆ ಕಂದು ಬಣ್ಣದ ಒಂದು ಕಾಲು ತೂಗಾಡಿಸಿಕೊಂಡು ಅವರು ಫೋರ್ತ್ ಬ್ಲಾಕಿನಲ್ಲಿ ನಡೆದರೆ ನಾನು ಹತ್ತು ಹೆಜ್ಜೆ ಹಿಂದೆ, ಯಾರೋ ಅಪರಿಚಿತಳ ಹಾಗೆ ನಡೆಯುತ್ತೇನೆ. ತರಕಾರಿಯಮ್ಮ ಬಿಡುತ್ತಾಳೆಯೇ? ದೂರದಿಂದಲೇ ಕೂಗುತ್ತಾಳೆ: "ಸಾರ್, ಇವತ್ತು ಬರೀ ಬೀನ್ಸು! ಕಾಲು ಯಾಕ್ ತಂದ್ರಿ?"

ಹೋಟೆಲಿನ ಕಥೆ ಬೇರೆ. ಎರಡು ಪ್ಲೇಟ್ ಇಡ್ಲಿ ಕಟ್ಟಿಸಿಕೊಳ್ಳಲು ಡಬ್ಬಿ, ಚಟ್ನಿಗೆ ಗಿಂಡಿ, ಸಾಂಬಾರಿಗೆ ಫ್ಲಾಸ್ಕು ಕೌಂಟರಿನ ಮೇಲೆ ಸಾಲಾಗಿ ಜೋಡಿಸುತ್ತಾರೆ. ಹಿಂದಿನವರು "ಅಂಕಲ್, ಬೇಗ" ಎಂದು ಗೊಣಗಿದರೆ, ಅವರ ಕೈಯಲ್ಲಿರುವ ಪ್ಲಾಸ್ಟಿಕ್ ಕವರಿನ ಪೂರ್ವಾಪರ ಹೇಳಲು ಶುರು. ಇಡ್ಲಿ ಆರಿ ತಣ್ಣಗಾದರೂ ಭಾಷಣ ಬಿಸಿಯಾಗಿಯೇ ಇರುತ್ತದೆ.

ಇದೆಲ್ಲ ನಗುವ ವಿಷಯ. ನಗಲಾಗದ್ದೂ ಒಂದು ನಡೆಯಿತು. ಹೋದ ವರ್ಷ ಅಕ್ಕನ ಗೆಳತಿಯ ಮಗಳ ಮದುವೆ. ಊಟಕ್ಕೆ ಪ್ರತಿ ಎಲೆಯ ಪಕ್ಕ ಒಂದೊಂದು ಪುಟ್ಟ ನೀರಿನ ಬಾಟಲಿ ಇಟ್ಟಿದ್ದರು. ಜನ ಎರಡು ಗುಟುಕು ಕುಡಿದು ಎದ್ದು ಹೋದರು. ಭಾವ ಕೈ ತೊಳೆದು ಬಂದವರೇ ಸಾಲಿನುದ್ದಕ್ಕೂ ಬಾಟಲಿಗಳನ್ನೆತ್ತಿ, ಉಳಿದ ನೀರನ್ನೆಲ್ಲ ಬಕೆಟ್ಟಿಗೆ ಸುರಿದು, ಅದನ್ನು ಹುಡುಗಿಯ ತಾಯಿಯ ಮುಂದೆ ಇಟ್ಟು, "ನೋಡಿ ಮೇಡಂ, ನಿಮ್ಮ ಮದುವೆಯಲ್ಲಿ ದಂಡವಾದ ನೀರು" ಎಂದರು. ಬೀಗರೆಲ್ಲ ಎದುರಿಗೇ ನಿಂತಿದ್ದರು! ಅವತ್ತಿನಿಂದ ಆ ಗೆಳತಿ ಅಕ್ಕನಿಗೆ ಫೋನ್ ಮಾಡಲಿಲ್ಲ. ಕಾಲೇಜಿನಲ್ಲಿ ಒಂದೇ ಬೆಂಚಿನಲ್ಲಿ ಕೂತವರು. ಅಕ್ಕ ನನ್ನ ಹತ್ತಿರ ಕೂತು ಅತ್ತಳು.

ಹೀಗಿರುವಾಗ ಭಾವನಿಗೆ ಅರವತ್ತು ತುಂಬಿತು. ಮಗಳು ಬನಶಂಕರಿಯ ಛತ್ರದಲ್ಲಿ ಷಷ್ಟಿಪೂರ್ತಿ ಮಾಡುತ್ತೇನೆಂದು ಹೊರಟಳು. ಅಕ್ಕ ಆ ಗೆಳತಿಯ ಮನೆಗೆ ತಾನೇ ಹೋಗಿ, ಕೈ ಹಿಡಿದು ಕರೆದು ಬಂದಳು. ಮನೆಗೆ ವಾಪಸು ಬಂದವಳೇ ಭಾವನನ್ನು ನನ್ನೆದುರಿಗೇ ಕೂರಿಸಿದಳು.

"ರೀ, ಅವತ್ತೊಂದಿನ ಕಸ, ಕವರ್ರು, ಬಾಟಲಿ ಅಂತ ನೀವು ಬಾಯಿ ಬಿಡಬಾರ್ದು. ಅವಳು ಬರ್ತೀನಿ ಅಂದಿದ್ದೇ ದೊಡ್ಡದು. ಮತ್ತೆ ಏನಾದ್ರೂ ಅಂದ್ರೆ ಈ ಜನ್ಮದಲ್ಲಿ ನನ್ನ ಮುಖ ನೋಡಲ್ಲ."

"ಬಾಯಿ ಬಿಡಲ್ಲ ಕಣೇ" ಎಂದರು ಭಾವ. "ನಿನ್ನಾಣೆ."

ಆ ದಿನ ಬಂತು. ಭಾವ ಪಂಚೆ, ಹಾರ, ಬಾಸಿಂಗದಲ್ಲಿ ಮಣೆಯ ಮೇಲೆ ಕೂತರು. ಪಕ್ಕದಲ್ಲಿ ಅಕ್ಕ, ಹೊಸ ಮೈಸೂರು ರೇಷ್ಮೆ ಸೀರೆಯಲ್ಲಿ, ಮದುಮಗಳಿಗಿಂತ ಹೆಚ್ಚು ನಾಚಿಕೊಂಡು. ಅಲಂಕಾರವೆಲ್ಲ ಛತ್ರದವರದು; ನೋಡಿದರೆ ಎಲ್ಲೆಲ್ಲೂ ಪ್ಲಾಸ್ಟಿಕ್ಕೇ! ತೋರಣ ಪ್ಲಾಸ್ಟಿಕ್ಕು, ಹೂವು ಪ್ಲಾಸ್ಟಿಕ್ಕು, ಅರಿಶಿನ ಕುಂಕುಮ ಕೂಡ ಪುಟ್ಟ ಪುಟ್ಟ ಪೊಟ್ಟಣಗಳಲ್ಲಿ. ಭಾವ ಮಾತಾಡಲಿಲ್ಲ. ಯಾರೋ ಜೂಸು ಕುಡಿದು ಲೋಟವನ್ನು ಅವರ ಕಾಲ ಬಳಿಯೇ ಇಟ್ಟು ಹೋದರು. ಮಾತಾಡಲಿಲ್ಲ. ಮುಖ ಮಾತ್ರ ಹಲ್ಲು ಕೀಳಿಸಿಕೊಂಡು ಬಂದವರ ಹಾಗಿತ್ತು. "ಸಾರ್‌ಗೆ ಬಿ.ಪಿ. ಏನಾದ್ರೂ ಜಾಸ್ತಿ ಆಗಿದ್ಯಾ?" ಎಂದು ಇಬ್ಬರು ನನ್ನನ್ನು ಕೇಳಿದರು. ಗೆಳತಿ ಮುಂದಿನ ಸಾಲಿನಲ್ಲಿ, ನನ್ನ ಪಕ್ಕದಲ್ಲೇ ಕೂತಿದ್ದರು. ಇನ್ನೂ ಬಿಗುಮಾನ ಬಿಟ್ಟಿರಲಿಲ್ಲ. "ಪರವಾಗಿಲ್ವೇ, ನಿಮ್ಮ ಭಾವ ಸುಧಾರಿಸಿದ್ದಾರೆ" ಎಂದರು.

ಹೋಮ ಶುರುವಾಯಿತು. ಶಾಸ್ತ್ರಿಗಳು ತುಪ್ಪದ ಪ್ಯಾಕೆಟ್ಟನ್ನು ಕತ್ತರಿಸಿ, ಬಟ್ಟಲಿಗೆ ಸುರಿದು, ಮಂತ್ರದ ಓಘದಲ್ಲೇ ಖಾಲಿ ಕವರನ್ನು ಬೆಂಕಿಯತ್ತ ಎತ್ತಿದರು. ಭಾವನ ಕೈ ಅರ್ಧ ಮೇಲೆದ್ದಿತು. ಅಕ್ಕನ ಕಡೆ ನೋಡಿದರು. ಕೈ ಇಳಿಸಿ, ಕಣ್ಣು ಮುಚ್ಚಿಕೊಂಡರು. ಹೋಮದಿಂದ ಹೊಗೆ ಇನ್ನೂ ಎದ್ದಿರಲಿಲ್ಲ, ಆದರೂ ಅವರ ಕೆನ್ನೆಯ ಮೇಲೆ ನೀರು ಇಳಿಯಿತು. ಅಯ್ಯೋ, ಒಂದು ಕವರಿಗೆ ಯಾರಾದರೂ ಅಳುತ್ತಾರೆಯೇ ಎಂದು ನನಗೆ ನಗು ಬಂತು. ಅಷ್ಟರಲ್ಲಿ ಅಕ್ಕ ಬಗ್ಗಿ ಶಾಸ್ತ್ರಿಗಳ ಕೈಯನ್ನೇ ಹಿಡಿದುಬಿಟ್ಟಳು!

"ಶಾಸ್ತ್ರಿಗಳೇ, ನಿಲ್ಲಿಸಿ! ಅದನ್ನ ಹಾಕ್ಬೇಡಿ."

"ತುಪ್ಪದ ಕವರ್ ತಾಯಿ, ಎಲ್ಲ ಕಡೆ ಹಾಕ್ತೀವಿ."

"ಎಲ್ಲ ಕಡೆ ಹಾಕ್ಕೊಳ್ಳಿ. ಇಲ್ಲಿ ಬೇಡ." ಕವರನ್ನು ಕಿತ್ತುಕೊಂಡು ತನ್ನ ಮಡಿಲಿಗೆ ಹಾಕಿಕೊಂಡಳು. ಆಮೇಲೆ ಸಭೆಯ ಕಡೆ ತಿರುಗಿದಳು. ಗೆಳತಿಯನ್ನು ನೋಡಿದಳು. ಒಂದು ಗಳಿಗೆ ತಡೆದಳು. ತಡೆದದ್ದು ಒಂದೇ ಗಳಿಗೆ. "ಇನ್ನೊಂದು ಹೇಳ್ತೀನಿ. ಊಟಕ್ಕೆ ಕೂತಾಗ ಅರ್ಧ ಬಾಟಲಿ ನೀರು ಬಿಟ್ಟು ಯಾರೂ ಏಳ್ಕೂಡ್ದು. ಕೋಪ ಬಂದ್ರೂ ಪರವಾಗಿಲ್ಲ!"

ಅಕ್ಕ ಭಾವನ ಕಡೆ ತಿರುಗಿದಳು.

"ಮಾತಾಡ್ರಿ. ಬೆಳಿಗ್ಗೆಯಿಂದ ಬೊಂಬೆ ಹಾಗೆ ಕೂತಿದ್ದೀರ, ನನ್ನ ಕೈಲಿ ನೋಡಕ್ಕಾಗ್ತಿಲ್ಲ. ಇಂಥ ಮನುಷ್ಯನ್ನ ನಾನು ಎರಡನೇ ಸಲ ಕಟ್ಕೊಳ್ಳಲ್ಲ."

ನಾನು ಮೆಲ್ಲಗೆ ಗೆಳತಿಯ ಮುಖ ನೋಡಿದೆ. ಅವರು ಸೆರಗನ್ನು ಬಾಯಿಗೆ ಒತ್ತಿ ಹಿಡಿದಿದ್ದರು, ಹೆಗಲು ಕುಲುಕುತ್ತಿತ್ತು. "ಇವ್ಳಿಗೂ ಅಂಟ್ಕೊಂತಲ್ಲೇ!" ಎಂದು ಕಣ್ಣಲ್ಲಿ ನೀರು ಬರುವ ಹಾಗೆ ನಕ್ಕರು.

ಭಾವ ಕಣ್ಣು ತೆರೆದರು. ಸರಿ, ಇನ್ನು ಕಟ್ಟೆ ಒಡೆಯುತ್ತದೆ, ಊಟ ಮೂರು ಗಂಟೆಗೆ ಎಂದುಕೊಂಡು ನಾನು ಕುರ್ಚಿಯಲ್ಲಿ ಗಟ್ಟಿಯಾಗಿ ಕೂತೆ. ಅವರು ಆ ತೋರಣ ನೋಡಲಿಲ್ಲ, ಕಾಲ ಬಳಿಯ ಲೋಟ ನೋಡಲಿಲ್ಲ. ಅಕ್ಕನ ಮಡಿಲನ್ನೇ ನೋಡುತ್ತಿದ್ದರು.

"ಸೀರೆಗೆ ತುಪ್ಪ ಆಯ್ತಲ್ಲೇ" ಎಂದರು.

ಹೆಗಲ ಮೇಲಿನ ಶಲ್ಯ ತೆಗೆದು ಒರೆಸತೊಡಗಿದರು. ಶಾಸ್ತ್ರಿಗಳು ಮಾಂಗಲ್ಯ ಹಿಡಿದು, "ಮುಹೂರ್ತ ಮೀರ್ತಿದೆ ಸ್ವಾಮಿ" ಎಂದು ಅವಸರಿಸಿದರು.

"ಒಂದ್ನಿಮಿಷ ಇರಿ" ಎನ್ನುತ್ತ ಭಾವ ಒರೆಸುತ್ತಲೇ ಇದ್ದರು.