ಮಾವನ ಕೈಯಳತೆಯ ಕನ್ಸರ್ಟಿನಾ

ನಮ್ಮ ಸೋದರಮಾವನ ಸಂಗೀತವನ್ನು ಕೊನೆಯವರೆಗೂ ಕೂತು ಕೇಳಿದವರು ಇಡೀ ಚಿಕ್ಕಬಾಣಾವರದಲ್ಲಿ ಇಬ್ಬರೇ. ಒಬ್ಬರು ಸ್ವತಃ ಮಾವ. ಇನ್ನೊಬ್ಬರು ಪಕ್ಕದ ಮನೆಯ ಅಜ್ಜ. ಅಜ್ಜನಿಗೆ ಕಿವಿ ಕೇಳುತ್ತಿರಲಿಲ್ಲ.

ಹಾಗಂತ ಮಾವ ಹುಟ್ಟಾ ಹೀಗಿದ್ದವರಲ್ಲ. ಶನಿವಾರದ ಭಜನೆಗೆ ಹಾರ್ಮೋನಿಯಂ ನುಡಿಸುತ್ತಿದ್ದವರು ಅವರೇ. ಪೀಣ್ಯದ ಒಂದು ಕಾರ್ಖಾನೆಯಲ್ಲಿ ಕೆಲಸ. ಒಂದು ಮಧ್ಯಾಹ್ನ ಅಲ್ಲಿನ ಪ್ರೆಸ್ ಯಂತ್ರ ಅವರ ಬಲಗೈಯ ಉಂಗುರಬೆರಳನ್ನೂ ಕಿರುಬೆರಳನ್ನೂ ತೆಗೆದುಕೊಂಡಿತು. ಆಮೇಲೆ ಕಾರ್ಖಾನೆಯವರು ಅವರನ್ನು ಸ್ಟೋರ್ಸಿಗೆ ಹಾಕಿದರು, ಭಜನೆಯವರು ತಾಳಕ್ಕೆ ಹಾಕಿದರು. ಈ ಎರಡು ಬಡ್ತಿಗಳಲ್ಲಿ ಒಂದೂ ಮಾವನಿಗೆ ಹಿಡಿಸಲಿಲ್ಲ.

ನಾನಾಗ ಅವರ ಮನೆಯಲ್ಲಿದ್ದುಕೊಂಡು ಕಾಲೇಜಿಗೆ ಹೋಗುತ್ತಿದ್ದೆ. ವೈಟ್‌ಫೀಲ್ಡಿನಲ್ಲಿ ಚರ್ಚುಗಳ ಹಾರ್ಮೋನಿಯಂ ರಿಪೇರಿ ಮಾಡುವ ಆಂಗ್ಲೋ-ಇಂಡಿಯನ್ ಮುದುಕರೊಬ್ಬರಿದ್ದಾರೆಂದು ಯಾರೋ ಹೇಳಿದ್ದೇ ತಡ, ಮಾವ ಹೋಗಿ ಕೈ ತೋರಿಸಿದರು. ಮುದುಕರು ಅಯ್ಯೋ ಪಾಪ ಅನ್ನಲಿಲ್ಲವಂತೆ. ಕಂದು ಕಾಗದದ ಮೇಲೆ ಆ ಕೈ ಇಡಿಸಿ, ಸುತ್ತ ಪೆನ್ಸಿಲಿನಲ್ಲಿ ಗೆರೆ ಎಳೆದು, "ಕನ್ಸರ್ಟಿನಾ ಮಾಡ್ತೀನಿ ಮ್ಯಾನ್, ಈ ಕೈಗೇ" ಅಂದರಂತೆ.

ಕನ್ಸರ್ಟಿನಾ ಅಂದರೆ ಆರು ಮೂಲೆಯ ಎರಡು ಮರದ ಡಬ್ಬಿ, ನಡುವೆ ಮಡಿಕೆ ಮಡಿಕೆಯಾದ ಚರ್ಮದ ತಿದಿ. ಎರಡೂ ಕೈಯನ್ನು ಅಕ್ಕಪಕ್ಕದ ಪಟ್ಟಿಗಳೊಳಗೆ ತೂರಿಸಿ, ತಿದಿಯನ್ನು ಎಳೆಯುತ್ತ ಒತ್ತುತ್ತ, ಬೆರಳಿನಿಂದ ಗುಂಡಿಗಳನ್ನು ಅದುಮಬೇಕು. ಮಾವನದಕ್ಕೆ ಬಲಗಡೆ ಎರಡು ಬೆರಳಿಗೆ ಎಟುಕುವಷ್ಟೇ ಗುಂಡಿ, ಉಳಿದವೆಲ್ಲ ಎಡಗಡೆ. ಅದು ತಯಾರಾಗಲು ಏಳು ತಿಂಗಳು ಹಿಡಿಯಿತು. ಭಾನುವಾರ ಬಂತೆಂದರೆ ಮಾವ ರೈಲು ಹತ್ತಿ ಅಳತೆ ಕೊಡಲು ಹೊರಡುತ್ತಿದ್ದರು.

"ರವ್ಕೆಗೆ ಟೈಲರು ಒಂದೇ ಸತಿ ಅಳತೆ ತಕ್ಕಂತಾನೆ," ಅಂದರು ಅತ್ತೆ. "ನಿಮಗೆ ಎಲ್ಡು ಬೆರಳಿಗೆ ಏಳು ತಿಂಗ್ಳಾ?"

"ರವ್ಕೆ ಆಡಾಕಿಲ್ವಲ್ಲೇ, ಇದು ಆಡ್ತದೆ."

"ಅದಕ್ಕೇ ರವ್ಕೆ ಕಂಡ್ರೆ ನಂಗಿಷ್ಟ."

ವಾದ್ಯವನ್ನು ತರಲು ನಾನೂ ಹೋಗಿದ್ದೆ. ಕಡೆಯ ಬಸ್ಸಿನಲ್ಲಿ ನಿಲ್ಲಲೂ ಜಾಗವಿಲ್ಲ. ಜನ ಒತ್ತಿದಾಗಲೆಲ್ಲ ಮಾವನ ಬಟ್ಟೆ ಚೀಲದೊಳಗಿಂದ ಒಂದು ನರಳಾಟ. ಕಂಡಕ್ಟರ್ ಬಂದ. "ಕೋಳಿಗೆ ಲಗೇಜ್ ತಗೋಬೇಕು ಅಣ್ಣ."

"ಕೋಳಿ ಅಲ್ಲ ಸಾರ್, ವಾದ್ಯ."

"ಎಲ್ಲಿ, ನುಡಿಸಿ."

ಮಾವ ನಿಂತಲ್ಲೇ ಒಂದು ಸ್ವರ ಎಳೆದರು. ಕಂಡಕ್ಟರ್ ಟಿಕೆಟ್ ಪುಸ್ತಕ ಮಡಚಿದ. "ಕೋಳಿನೇ ವಾಸಿ. ಒಳಗಿಟ್ಕೊಳ್ಳಿ," ಅಂದು ಮುಂದೆ ಹೋದ.

ಇಂಥ ವಾದ್ಯದಿಂದ ಯಾರಿಗಾದರೂ ಒಳ್ಳೆಯದಾದೀತೇ? ಮಾವನ ಮಗಳಿಗಾಯಿತು! ಅವಳನ್ನು ನೋಡಲು ಹೂಡಿಯಿಂದ ಗಂಡಿನ ಕಡೆಯವರು ಬಂದಿದ್ದರು. ಒಂದು ಹಾಡು ಹೇಳಲಿ ಅಂದರು. ಅವಳು ಬಾಯಿ ತೆರೆಯುವ ಮೊದಲೇ ಮಾವ ಒಳಗೆ ಹೋಗಿ ಕನ್ಸರ್ಟಿನಾ ತಂದರು. ಅತ್ತೆ ಕಾಫಿ ತಟ್ಟೆ ಹಿಡಿದು ನಿಂತಲ್ಲೇ ಕಣ್ಣು ಮುಚ್ಚಿಕೊಂಡರು.

ಎರಡನೇ ಸಾಲಿಗೆ ಒಂದು ಗುಂಡಿ ಸಿಕ್ಕಿಹಾಕಿಕೊಂಡಿತು. ಒತ್ತಿದರೂ ಅದೇ ಸ್ವರ, ಎಳೆದರೂ ಅದೇ ಸ್ವರ. ಮಾವನ ಹಣೆಯ ಮೇಲೆ ಬೆವರು. ಆದರೆ ಅವರು ನಿಲ್ಲಿಸಲಿಲ್ಲ. ಮುಖದಲ್ಲಿ ಮಹಾ ಗಾಂಭೀರ್ಯ ತಂದುಕೊಂಡು ಹಾಡು ಮುಗಿಯುವವರೆಗೂ ಅದೊಂದೇ ಸ್ವರವನ್ನು ಎಳೆದರು. ಅದನ್ನೇ ಹಿಡಿದುಕೊಂಡು ಹುಡುಗಿ ಎಂದೂ ಹಾಡದಷ್ಟು ಚೆನ್ನಾಗಿ ಹಾಡಿದಳು. ಗಂಡಿನ ತಾತ ತಲೆದೂಗಿ, "ಯಜಮಾನ್ರು ಸುತಿ ಸಂದಾಕಿ ಇಡೀತಾರೆ," ಅಂದರು. ಅವತ್ತೇ ಮದುವೆ ಗೊತ್ತಾಯಿತು. ಬೇಕೆಂದೇ ಹಾಗೆ ನುಡಿಸಿದೆ ಎಂದು ಮಾವ ಮುಂದೆ ಎಷ್ಟು ಜನರ ಹತ್ತಿರ ಹೇಳಿಕೊಂಡರೋ ಲೆಕ್ಕವಿಲ್ಲ.

ಮದುವೆಯಾದ ವರ್ಷವೇ ಮಾವನ ಕಾರ್ಖಾನೆಯಲ್ಲಿ ಇನ್ನೊಬ್ಬನ ಬಲಗೈ ಪ್ರೆಸ್ಸಿಗೆ ಸಿಕ್ಕಿತು. ಎರಡು ಮಕ್ಕಳ ತಂದೆ. ಹೋದದ್ದು ಮೂರು ಬೆರಳು. ಮಾವ ಆಸ್ಪತ್ರೆಗೆ ಹೊರಟಾಗ ಹಣ್ಣಿನ ಚೀಲ ನನ್ನ ಕೈಯಲ್ಲಿತ್ತು, ಕನ್ಸರ್ಟಿನಾ ಅವರ ಕಂಕುಳಲ್ಲಿ. ರೋಗಿಯ ಗತಿ ನೆನೆದು ನನಗೆ ಮರುಕವಾಯಿತು.

ಆತನ ಹೆಂಡತಿ ವಾರ್ಡಿನ ಬಾಗಿಲಲ್ಲೇ ಹೇಳಿದರು: "ನಾಕು ದಿನದಿಂದ ಮಾತಿಲ್ಲ ಅಣ್ಣ. ಕೈನ ಹೊದಿಕೆಯಿಂದ ಆಚೆ ತೆಗೀತಾನೇ ಇಲ್ಲ."

ಮಾವ ನೇರ ಒಳಗೆ ಹೋದರು. ಮಂಚದ ಪಕ್ಕ ಸ್ಟೂಲು ಎಳೆದು ಕೂತು ನುಡಿಸಿದರು. ನರ್ಸ್ ಓಡಿಬಂದರು. "ರೀ, ಇದು ಆಸ್ಪತ್ರೆ ಕಣ್ರೀ."

"ಬೈರಿ ಸಿಸ್ಟರ್. ಮನೇಲೂ ಇಂಗೇ ಬೈತಾರೆ."

ಆ ಮನುಷ್ಯ ಮಾವನ ಬಲಗೈಯನ್ನೇ ನೋಡುತ್ತಿದ್ದ. ಕೊನೆಗೆ ಕೇಳಿದ: "ನೋವು ಪೂರ್ತಿ ಹೋಗುತ್ತಾ ಅಣ್ಣ?"

ಮಾವ ಒಂದು ಸುಳ್ಳು ಹೇಳುತ್ತಾರೆ ಅಂದುಕೊಂಡೆ.

"ಇಲ್ಲ ಕಣಪ್ಪ," ಅಂದರು. "ಇರೋ ಬೆರಳು ನೋಯಾಕಿಲ್ಲ, ಇಲ್ದಿರೋವೇ ನೋಯ್ತವೆ. ಎಣ್ಣೆ ಅಚ್ಚಾನ ಅಂದ್ರೆ ಎಲ್ಲಿಗಂತ ಅಚ್ಚೋದು? ಅವಾಗ ಇದನ್ನ ಎತ್ಕಂತೀನಿ. ಬೆರಳೆಲ್ಲ ಇದ್ದಂಗೇ ಆಯ್ತದೆ ಒಂದೀಟೊತ್ತು."

ಅಷ್ಟು ವರ್ಷ ಒಂದೇ ಸೂರಿನಡಿ ಇದ್ದೆವು. ಈ ಮಾತನ್ನು ಅವರು ನನಗೆ ಹೇಳಿರಲಿಲ್ಲ, ಅತ್ತೆಗೂ ಹೇಳಿರಲಿಲ್ಲ.

ಆತ ನಿಧಾನವಾಗಿ ಹೊದಿಕೆ ಸರಿಸಿ, ಬ್ಯಾಂಡೇಜು ಸುತ್ತಿದ ಕೈಯನ್ನು ಹೊರಗೆ ತೆಗೆದ. ಮಾವ ಆ ಕೈ ಹಿಡಿಸುವಷ್ಟು ಬಲಗಡೆಯ ಪಟ್ಟಿಯನ್ನು ಸಡಿಲ ಮಾಡತೊಡಗಿದರು.