ಸಂಜೆ ಬಸ್ಸಿನವರ ಸಿನಿಮಾ

ಗುರುಬಸವರಾಜ್ ಭಾವಮೈದುನನ ಬೈಕನ್ನು ತನ್ನ ಹಿಟ್ಟಿನ ಗಿರಣಿಯ ಹಿಂದೆ ನಿಲ್ಲಿಸಿ, ಅದರ ಮೇಲೆ ಖಾಲಿ ಗೋಣಿಚೀಲ ಹೊದಿಸಿದ್ದೇ ತಪ್ಪಾಯಿತು. ಬೀದಿಯಲ್ಲೇ ನಿಲ್ಲಿಸಿದ್ದರೆ ಯಾರೂ ತಿರುಗಿ ನೋಡುತ್ತಿರಲಿಲ್ಲ. ಮುಚ್ಚಿಟ್ಟದ್ದನ್ನು ಎತ್ತಿ ನೋಡದೆ ಮುಂದೆ ಹೋಗುವವರು ಎರೆಕೊಪ್ಪದಲ್ಲಿ ಇನ್ನೂ ಹುಟ್ಟಿಲ್ಲ.

ಬೈಕು ಬಂದದ್ದು ಸಿನಿಮಾಕ್ಕೆ ಹೋಗಲು. ಅದೇನು ಮುಚ್ಚಿಡುವ ಸಂಗತಿಯೇ ಎನ್ನುವವರಿಗೆ ಎರೆಕೊಪ್ಪದ ಕಷ್ಟ ಗೊತ್ತಿಲ್ಲ. ಗೋವಿನಕೋವಿಯಿಂದ ಒಳಕ್ಕೆ, ಹೊಲಗಳ ನಡುವೆ ಇರುವ ಊರು ಅದು. ಹೊನ್ನಾಳಿಯಿಂದ ಅಲ್ಲಿಗೆ ದಿನದ ಕೊನೆಯ ಬಸ್ಸು ಸಂಜೆಯೇ ಹೊರಡುತ್ತದೆ. ಟಾಕೀಸಿನ ಮಧ್ಯಾಹ್ನದ ಆಟ ಮುಗಿಯಲು ಆಗಿನ್ನೂ ಕಾಲು ಗಂಟೆ ಬಾಕಿ ಇರುತ್ತದೆ. ಕಂಡಕ್ಟರ್ ತಿಪ್ಪೇರುದ್ರಸ್ವಾಮಿ ಒಳ್ಳೆಯ ಮನುಷ್ಯ. ಟಾಕೀಸಿನ ಮುಂದೆ ಬಸ್ಸು ನಿಲ್ಲಿಸಿ ಹಾರನ್ ಹೊಡೆಸುತ್ತಾನೆ. ಒಳಗಿರುವ ಎರೆಕೊಪ್ಪದವರೆಲ್ಲ ದಡಬಡ ಎದ್ದು ಓಡುತ್ತಾರೆ. ತೆರೆಯ ಮೇಲೆ ನಾಯಕನ ಎದೆಗೆ ಚೂರಿ ಇಟ್ಟಿರಲಿ, ನಾಯಕಿಯ ಕೊರಳಿಗೆ ತಾಳಿ ಬೀಳುತ್ತಿರಲಿ, ಓಡುವುದಂತೂ ತಪ್ಪುವುದಿಲ್ಲ. ಉಳಿದ ಕತೆ ಏನಾಯಿತೆಂದು ಬಸ್ಸಿನಲ್ಲಿ ಕಿರಾಣಿ ಅಂಗಡಿಯ ಶಿವಮೂರ್ತಪ್ಪನವರು ತೀರ್ಮಾನ ಮಾಡುತ್ತಾರೆ. ಅವರದು ಮೃದು ಮನಸ್ಸು. ಆದ್ದರಿಂದ ಎರೆಕೊಪ್ಪದಲ್ಲಿ ಇವತ್ತಿನವರೆಗೆ ಯಾವ ನಾಯಕನೂ ಸತ್ತಿಲ್ಲ.

ಮನೆಯಲ್ಲೇ ನೋಡೋಣವೆಂದರೆ ಅದೂ ಅಷ್ಟೇ. ಫೋನಿನ ಡೇಟಾ ಕ್ಲೈಮ್ಯಾಕ್ಸಿಗೆ ಮೊದಲೇ ಮುಗಿದು ಹೋಗುತ್ತದೆ. ಟಿವಿಯಲ್ಲಿ ನೋಡಿದರೆ, ಬೇಸಿಗೆಯ ಕರೆಂಟು ಎರೆಕೊಪ್ಪದವರ ಹಾಗೆಯೇ ಅರ್ಧಕ್ಕೆ ಎದ್ದು ಹೋಗುತ್ತದೆ.

ಗುರುಬಸವರಾಜನ ಹೆಂಡತಿ ಸಂಧ್ಯಾರಾಣಿಗೆ ಇದೊಂದು ಕೊರಗಾಗಿತ್ತು. ಅವಳು ಸೀರೆ ಕೇಳಿದವಳಲ್ಲ, ಬಳೆ ಕೇಳಿದವಳಲ್ಲ. "ಒಂದೇ ಒಂದು ಸಿನಿಮಾ ಕೊನೆವರೆಗೂ ನೋಡ್ಬೇಕು ರೀ. ನಿಮ್ಮ ಪಕ್ಕ ಕೂತು. ಲೈಟು ಹಾಕೋವರೆಗೂ ಏಳಬಾರದು," ಎನ್ನುತ್ತಿದ್ದಳು. ಮದುವೆಯಾದ ಹೊಸದರಲ್ಲಿ ಕೇಳಿದ್ದು. ಈಗ ಇಬ್ಬರು ಮಕ್ಕಳು ಶಾಲೆಗೆ ಹೋಗುತ್ತಿದ್ದರೂ ಅದೇ ಮಾತು. ಈ ಬೇಸಿಗೆ ರಜೆಗೆ ಮಕ್ಕಳು ನಲ್ಲೂರಿನ ಅಜ್ಜಿ ಮನೆಗೆ ಹೋಗಿದ್ದರು. ಹೊನ್ನಾಳಿಯಲ್ಲಿ ಒಂದು ಸಂಸಾರದ ಸಿನಿಮಾ ಓಡುತ್ತಿತ್ತು, ಅವತ್ತೇ ಅದರ ಕೊನೆಯ ದಿನ. ಸ್ವಂತ ಗಾಡಿ ಇದ್ದರೆ ಬಸ್ಸಿನ ಹಂಗಿಲ್ಲ ಎಂದು ಗುರುಬಸವರಾಜ್ ಬೈಕು ತಂದಿದ್ದ. "ಈ ಸಲ ಏಳಲ್ಲ ಕಣೆ, ಆಣೆ," ಎಂದೂ ಹೇಳಿದ್ದ. ಅವಳು ಎರಡು ದಿನದಿಂದ ಹಾಡು ಗುನುಗುತ್ತಾ ರೊಟ್ಟಿ ಬಡಿಯುತ್ತಿದ್ದಳು.

ಬೆಳಿಗ್ಗೆ ಜೋಳ ಬೀಸಿಸಲು ಬಂದ ಪಕ್ಕದ ಮನೆಯ ಸಿದ್ದಲಿಂಗಮ್ಮ ಗೋಣಿಚೀಲ ಎತ್ತಿಯೇ ಬಿಟ್ಟರು.

"ಏನೋ ಗುರುಬಸು, ಬೈಕ್ ಯಾಕೆ ಬಂದೈತೆ?"

ಸಿನಿಮಾಕ್ಕೆ ಎಂದಿದ್ದರೆ ಮುಗಿಯುತ್ತಿತ್ತು. ಆದರೆ ಇಬ್ಬರೇ ಹೋಗುವುದು ಎಂದರೆ ಬೀದಿಯೆಲ್ಲ ಕಿಚಾಯಿಸುತ್ತದೆ. ಗುರುಬಸವರಾಜನ ಬಾಯಿಗೆ ಸಿಕ್ಕಿದ ಮೊದಲ ಸುಳ್ಳು, "ಆಸ್ಪತ್ರೆಗೆ, ದೊಡ್ಡಮ್ಮ."

"ಯಾರಿಗೇನಾಯ್ತೋ?"

"ನಮ್ಮನೆಯೋಳಿಗೆ... ಒಂದೀಟು ತಲೆಸುತ್ತು."

ಹೆಂಗಸರ ತಲೆಸುತ್ತಿಗೆ ಎರೆಕೊಪ್ಪದಲ್ಲಿ ಒಂದೇ ಅರ್ಥ. ಸಿದ್ದಲಿಂಗಮ್ಮ ಜೋಳ ಅಲ್ಲೇ ಬಿಟ್ಟು ಹೊರಟರು. ಅವರು ಬೀದಿ ದಾಟುವಷ್ಟರಲ್ಲಿ ಸಂಧ್ಯಾರಾಣಿಗೆ ಮೂರು ತಿಂಗಳಾಗಿತ್ತು. ಶಿವಮೂರ್ತಪ್ಪನವರ ಅಂಗಡಿ ಮುಟ್ಟುವಷ್ಟರಲ್ಲಿ ಈ ಸಲ ಅವಳಿ ಇದ್ದರೂ ಇರಬಹುದು ಎಂಬಲ್ಲಿಗೆ ಸುದ್ದಿ ಬೆಳೆದಿತ್ತು.

ಮಧ್ಯಾಹ್ನ ಗುರುಬಸವರಾಜ್ ಮುಖ ತೊಳೆದು ಹೊಸ ಅಂಗಿ ಹಾಕಿಕೊಂಡ. ಎಷ್ಟು ತೊಳೆದರೂ ಹುಬ್ಬಿನ ಹಿಟ್ಟು ಹೋಗಲಿಲ್ಲ. ಸಂಧ್ಯಾರಾಣಿ ಮಲ್ಲಿಗೆ ಮುಡಿದು ಹೊರಗೆ ಬಂದರೆ ಅಂಗಳದ ತುಂಬ ಜನ. ಒಬ್ಬರು ವಿಭೂತಿ ಹಚ್ಚಿದರು, ಒಬ್ಬರು ಕೈಗೆ ನಿಂಬೆಹಣ್ಣು ಕೊಟ್ಟರು.

"ಇಂಥಾ ಹೊತ್ತಿನಾಗೆ ಬೈಕ್ ಮೇಲೆ ಕರ್ಕಂಡು ಹೋಗ್ತೀಯೇನೋ? ಬುದ್ಧಿ ಐತಾ ನಿಂಗೆ?" ಎಂದು ಶಿವಮೂರ್ತಪ್ಪನವರು ಗದರಿದರು. "ಆಂಜನೇಯನ ಗಾಡಿ ಐತೆ. ನಾನು ಹೇಳೀನಿ ಅವಂಗೆ."

ಆಂಜನೇಯ ಜಗಳೂರು ಕಡೆಯವನು. ಶಿವಮೂರ್ತಪ್ಪನವರ ಅಂಗಡಿಗೆ ಸಾಮಾನು ತಂದು ಇಳಿಸಿ, ಖಾಲಿ ಲಗೇಜ್ ಗಾಡಿಯೊಂದಿಗೆ ನಿಂತಿದ್ದ. ಆ ಗಾಡಿಯಲ್ಲಿ ಆಗಲೇ ಸಿದ್ದಲಿಂಗಮ್ಮ ಚಾಪೆ ಹಾಸಿ ಕೂತಿದ್ದರು. ಅವರ ಜೊತೆಗೆ ಬೀದಿಯ ಅರ್ಧದಷ್ಟು ಹೆಂಗಸರು.

"ಇವರೆಲ್ಲ ಯಾಕೆ?" ಎಂದ ಗುರುಬಸವರಾಜ್, ಸಣ್ಣ ದನಿಯಲ್ಲಿ.

"ಒಬ್ಬೊಬ್ರೇ ಆಸ್ಪತ್ರೆಗೆ ಹೋಗ್ತಾರೇನೋ? ನಾವೆಲ್ಲ ಸತ್ತೀವಾ?" ಎಂದರು ಸಿದ್ದಲಿಂಗಮ್ಮ.

ಸಂಧ್ಯಾರಾಣಿ ಗಂಡನ ಮುಖ ನೋಡಿದಳು. ಗಂಡ ಬೈಕಿನ ಮುಖ ನೋಡಿದ. ಕೊನೆಗೆ ಅವಳೇ ನಿಂಬೆಹಣ್ಣನ್ನು ಹಿಂದಕ್ಕೆ ಕೊಟ್ಟು, "ಆಸ್ಪತ್ರೆನೂ ಇಲ್ಲ, ಏನೂ ಇಲ್ಲ. ನಾವು ಸಿನಿಮಾಕ್ಕೆ ಹೊಂಟೀವಿ. ಕೊನೆವರೆಗೂ ನೋಡಾಕೆ," ಎಂದಳು.

ಬೈಯುತ್ತಾರೆ, ಸಿಟ್ಟಾಗಿ ಮನೆಗೆ ಹೋಗುತ್ತಾರೆ ಎಂದು ಗುರುಬಸವರಾಜ್ ಆಸೆಪಟ್ಟ. ಆದರೆ ಶಿವಮೂರ್ತಪ್ಪನವರ ಕಣ್ಣು ಅರಳಿತು.

"ಕೊನೆವರೆಗೂನಾ? ಗಾಡಿ ಐತೆ... ಅಂದ್ರೆ ಬಸ್ಸಿಗೆ ಓಡಾಂಗಿಲ್ಲ. ಅಲ್ಲೋ, ಇದು ನಮಗ್ಯಾಕೆ ಹೊಳೀಲಿಲ್ಲ ಇಷ್ಟು ದಿನ?" ಎನ್ನುತ್ತಾ ಅಂಗಡಿಯ ಬಾಗಿಲು ಎಳೆದು ಬೀಗ ಹಾಕಿಯೇ ಬಂದರು. ಉಳಿದಿದ್ದ ಅರ್ಧ ಬೀದಿಯೂ ಗಾಡಿ ಹತ್ತಿತು. ಸಂಧ್ಯಾರಾಣಿಯನ್ನು ಮುಂದಿನ ಸೀಟಿನಲ್ಲಿ ಕೂರಿಸಿದರು. ಅವಳ ಗಂಡನಿಗೆ ಹಿಂದೆ, ಬಾಗಿಲ ಸರಪಳಿ ಹಿಡಿದು ನಿಲ್ಲುವಷ್ಟು ಜಾಗ ಸಿಕ್ಕಿತು. ಎರಡು ದಿನದಿಂದ ಅವನು ಕಂಡಿದ್ದ ಕನಸಿನಲ್ಲಿ ಅವಳು ಬೈಕಿನ ಹಿಂದೆ ಕೂತು ಅವನ ಭುಜ ಹಿಡಿದಿದ್ದಳು. ಈಗ ಅವನ ಭುಜ ಹಿಡಿದಿದ್ದವರು ಶಿವಮೂರ್ತಪ್ಪನವರು.

ಟಾಕೀಸಿನಲ್ಲಿ ಗುರುಬಸವರಾಜ್ ಯಾವತ್ತೂ ತೋರಿಸದ ಧೈರ್ಯ ತೋರಿಸಿದ. ಸಿದ್ದಲಿಂಗಮ್ಮನವರನ್ನು ದಾಟಿಕೊಂಡು ಹೋಗಿ ಹೆಂಡತಿಯ ಪಕ್ಕ ಕೂತ. ಅವಳು ತನ್ನ ಫೋನನ್ನು ಅವನ ಜೇಬಿಗೆ ಹಾಕಿ, ಸೆರಗು ಸರಿಮಾಡಿಕೊಂಡು, "ಬರಲಿ ಬಿಡ್ರಿ ಎಲ್ಲಾರೂ. ನೀವು ಪಕ್ಕದಾಗೆ ಇದ್ದೀರಲ್ಲ, ಸಾಕು," ಎಂದಳು. ಆಂಜನೇಯನೂ ಹೊರಗೆ ಬಿಸಿಲೆಂದು ಒಳಗೆ ಬಂದು ಹಿಂದಿನ ಸಾಲಿನಲ್ಲಿ ಕೂತ.

ಸಿನಿಮಾ ಚೆನ್ನಾಗಿತ್ತು. ಸಣ್ಣ ಮಾತಿಗೆ ಮುನಿಸಿಕೊಂಡು ದೂರಾದ ಗಂಡಹೆಂಡಿರ ಕತೆ. ಇಂಟರ್‌ವಲ್ಲಿನಲ್ಲಿ ಗುರುಬಸವರಾಜ್ ಮಂಡಕ್ಕಿ ಮೆಣಸಿನಕಾಯಿ ತಂದುಕೊಟ್ಟ. ಆಮೇಲೆ ಕತೆ ಬಿಗಿಯಾಯಿತು. ತುಂಬಿದ ಹೊಳೆಯ ಈ ದಂಡೆಯಲ್ಲಿ ಹೆಂಡತಿ, ಆ ದಂಡೆಯಲ್ಲಿ ಗಂಡ, ನಡುವೆ ದೋಣಿಯಿಲ್ಲ. ಗಂಡ ಬಟ್ಟೆ ಬಿಚ್ಚಿ ನೀರಿಗೆ ಧುಮುಕಿದ. ಕತ್ತಲಲ್ಲಿ ಸಂಧ್ಯಾರಾಣಿ ಮೆಲ್ಲಗೆ ಗುರುಬಸವರಾಜನ ಕೈ ಹಿಡಿದಳು. ನಾಲ್ಕು ಜನರ ನಡುವೆ ಅವಳು ಹಾಗೆ ಕೈ ಹಿಡಿದದ್ದು ಮದುವೆ ಮಂಟಪ ಬಿಟ್ಟರೆ ಇದೇ ಮೊದಲು. ಎಂಥಾ ಪೆದ್ದ ನಾನು, ಇದನ್ನು ಎಂದೋ ಮಾಡಬಹುದಿತ್ತಲ್ಲ ಎಂದುಕೊಂಡ.

ಆಗ ಹೊರಗೆ ಹಾರನ್ ಆಯಿತು.

ಮೊದಲು ಎದ್ದವರು ಸಿದ್ದಲಿಂಗಮ್ಮ. ಅವರ ಹಿಂದೆ ಶಿವಮೂರ್ತಪ್ಪನವರು, ಅವರ ಹಿಂದೆ ಇಡೀ ಎರೆಕೊಪ್ಪ. ಚಪ್ಪಲಿ ತಡಕಾಡುವ ಸದ್ದು, "ಬರ್ರಿ ಬರ್ರಿ, ಹೋಯ್ತು ಹೋಯ್ತು" ಎಂಬ ಗಲಾಟೆ. ಯಾರೋ ಯಾರ ಕಾಲನ್ನೋ ತುಳಿದರು. ಬಾಗಿಲು ತೆರೆದು ಹೊರಗಿನ ಬೆಳಕು ಒಳಕ್ಕೆ ನುಗ್ಗಿತು. ಎಲ್ಲರೂ ಓಡಿ, ತಳ್ಳಾಡಿ, ಬಸ್ಸು ಹತ್ತಿ, ಸೀಟಿಗೆ ಟವೆಲ್ಲು ಹಾಕಿ ಉಸಿರು ಬಿಟ್ಟರು.

ಬಸ್ಸು ಹೊನ್ನಾಳಿ ಬಿಟ್ಟ ಮೇಲೆ ತಿಪ್ಪೇರುದ್ರಸ್ವಾಮಿ ಟಿಕೆಟ್ ಕೊಡುತ್ತಾ ಬಂದ.

"ಎರಡು ಎರೆಕೊಪ್ಪ," ಎಂದ ಗುರುಬಸವರಾಜ್.

"ಇನ್ನೊಬ್ರು ಯಾರು?"

ಗುರುಬಸವರಾಜ್ ಪಕ್ಕಕ್ಕೆ ನೋಡಿದ. ಕಿಟಕಿಯ ಹತ್ತಿರ ಶಿವಮೂರ್ತಪ್ಪನವರು ಕೂತು, "ಗಂಡ ಈಜಿ ದಡ ಸೇರ್ತಾನೆ, ಅದರಾಗೆ ಏನೂ ಅನುಮಾನ ಇಲ್ಲ," ಎಂದು ತೀರ್ಮಾನ ಕೊಡುತ್ತಿದ್ದರು. ಗುರುಬಸವರಾಜ್ ತನ್ನ ಕೈ ನೋಡಿಕೊಂಡ. ಇದೇ ಕೈ. ಹಿಡಿದಿದ್ದವಳ ಬೆರಳುಗಳಿಂದ ಅದನ್ನು ಬಿಡಿಸಿಕೊಂಡದ್ದು ಈಗ ಅವನಿಗೆ ನೆನಪಾಯಿತು.

"ಶಿವಮೂರ್ತಣ್ಣ," ಎಂದ. "ನಾವು ಗಾಡೀಲಿ ಬಂದಿದ್ವಿ."

"ಅಯ್ಯೋ ನಿನ್ನ! ನನ್ನ ಚಾಪೆ!" ಎಂದರು ಸಿದ್ದಲಿಂಗಮ್ಮ.

ಇಳಿಯುತ್ತೇನೆ ಎಂದು ಗುರುಬಸವರಾಜ್ ಬಾಗಿಲಿಗೆ ಹೋದ. "ಎಲ್ಲಿ ಇಳೀತೀರಿ ಮಾರಾಯ್ರೆ? ನೀವು ಆ ಕಡೆ ಹೋಗೋದ್ರಾಗೆ ಗಾಡಿ ಈ ಕಡೆ ಬಂದಿರ್ತೈತೆ. ಸುಮ್ನೆ ಊರಿಗೆ ಹೋಗಿ ಕಾಯ್ರಿ," ಎಂದ ತಿಪ್ಪೇರುದ್ರಸ್ವಾಮಿ. ಅದೂ ನಿಜ. ಹೆಂಡತಿಗೆ ಫೋನ್ ಮಾಡಿದ. ಅವನ ಜೇಬಿನಲ್ಲೇ ಅವಳ ಫೋನು ಹಾಡತೊಡಗಿತು. ಇಡೀ ಬಸ್ಸು ನಕ್ಕಿತು. ಅವನೊಬ್ಬನಿಗೆ ಅಳು ಬಂತು.

ಊರಿಗೆ ಬಂದವನು ಮನೆಯ ಜಗಲಿಯ ಮೇಲೆ ಕೂತ. ಸಮಾಧಾನ ಹೇಳಲು ಬೀದಿಯವರೆಲ್ಲ ಸುತ್ತ ಕೂತರು. "ಹೋಗ್ಲಿ ಬಿಡೋ, ನಮ್ಮ ಪೈಕಿ ಅವಳಾದ್ರೂ ಕೊನೆ ನೋಡಿದ್ಲಲ್ಲ. ಬಂದ ಮೇಲೆ ಎಲ್ಲಾರೂ ಕೇಳಾನ," ಎಂದರು ಶಿವಮೂರ್ತಪ್ಪನವರು. ಅದೊಂದೇ ಮಾತು ಗುರುಬಸವರಾಜನಿಗೆ ಸ್ವಲ್ಪ ಆಸರೆಯಾಯಿತು. ಪಕ್ಕದಲ್ಲಿ ತಾನಿಲ್ಲದಿದ್ದರೇನು, ಅವಳ ಆಸೆ ಅರ್ಧವಾದರೂ ತೀರಿತಲ್ಲ.

ದೀಪ ಹಚ್ಚುವ ಹೊತ್ತಿಗೆ ಗಾಡಿ ಬಂತು. ಸಂಧ್ಯಾರಾಣಿ ಇಳಿದಳು. ಮಲ್ಲಿಗೆ ಬಾಡಿತ್ತು.

"ಏನಾಯ್ತೇ ಕೊನೀಗೆ?" ಎಂದರು ಸಿದ್ದಲಿಂಗಮ್ಮ, ಅವಳು ಚಪ್ಪಲಿ ಬಿಡುವ ಮೊದಲೇ.

"ನಂಗೊತ್ತಿಲ್ಲ ದೊಡ್ಡಮ್ಮ."

"ನೀನು ಒಳಗೇ ಕೂತಿದ್ಯಲ್ಲೇ!"

"ಎಲ್ಲಿ ಕೂತಿದ್ದೆ? ಇವ್ರು ನಿಮ್ಮನ್ನೆಲ್ಲ ವಾಪಸ್ ಕರ್ಕಂಡು ಬರಾಕೆ ಎದ್ದು ಹೋದ್ರು ಅಂದ್ಕಂಡೆ. ಬರ್ತಾರೆ, ಬರ್ತಾರೆ ಅಂತ ಬಾಗಿಲ ಕಡೆನೇ ನೋಡ್ತಿದ್ದೆ. ಬರ್ಲಿಲ್ಲ. ಹೊರಗೆ ಹೋಗಿ ಹುಡುಕಿದೆ. ಟೀ ಅಂಗಡೀಲಿ ಕೇಳ್ದೆ, ಗಾಡಿ ಹತ್ರ ನೋಡ್ದೆ, ಗೇಟಿನವ್ರನ್ನ ಕೇಳ್ದೆ. ಒಳಗೆ ಬರೋ ಹೊತ್ತಿಗೆ ಲೈಟು ಹಾಕಿದ್ರು."

ಗುರುಬಸವರಾಜ್ ನೆಲ ನೋಡುತ್ತಾ ನಿಂತ. ಗಾಡಿಯಿಂದ ಚಾಪೆ ಇಳಿಸುತ್ತಿದ್ದ ಆಂಜನೇಯ ತಲೆಯೆತ್ತಿ, "ನಾನು ಪೂರ್ತಿ ನೋಡ್ದೆ. ಕೊನೆ ಭಾರಿ ಐತೆ! ಹೇಳ್ಲಾ?" ಎಂದ.

ಎರೆಕೊಪ್ಪಕ್ಕೆ ಜೀವ ಬಂತು. "ಹೇಳಪ್ಪ, ಹೇಳಪ್ಪ" ಎಂದು ಎಲ್ಲರೂ ಅವನನ್ನು ಮುತ್ತಿದರು. ಊರಿನ ಚರಿತ್ರೆಯಲ್ಲೇ ಮೊದಲ ಸಲ ನಿಜವಾದ ಕೊನೆಯೊಂದು ಬೀದಿಗೆ ಬಂದಿತ್ತು. ಸಂಧ್ಯಾರಾಣಿ ಮಾತ್ರ ಒಳಗೆ ಹೋದಳು. ಗುರುಬಸವರಾಜ್ ಆಂಜನೇಯನ ಕಡೆ ಒಮ್ಮೆ ನೋಡಿದ, ಬಾಗಿಲ ಕಡೆ ಒಮ್ಮೆ ನೋಡಿದ. ಆಂಜನೇಯ ಆಗಲೇ ಹೊಳೆಯ ನಡುವಿಗೆ ಬಂದಿದ್ದ. ಗುರುಬಸವರಾಜ್ ಕಿವಿ ಮುಚ್ಚಿಕೊಂಡು ಒಳಕ್ಕೆ ನಡೆದ. ಬದುಕಿನಲ್ಲಿ ಒಂದು ತ್ಯಾಗ ಮಾಡಿದೆನೆಂಬ ಹೆಮ್ಮೆ ಅವನ ಮುಖದಲ್ಲಿತ್ತು.

ಸಂಧ್ಯಾರಾಣಿ ಒಲೆಯ ಮುಂದೆ ಕೂತಿದ್ದಳು. ತಿರುಗಿ ನೋಡದೆ, "ಯಾಕೆ ಬಂದ್ರಿ? ಕೊನೆ ಕೇಳ್ಕಂಡು ಬರಬೌದಿತ್ತಲ್ಲ," ಎಂದಳು.

"ನೀನಿಲ್ದೆ ಹೆಂಗೆ ಕೇಳ್ಲಿ ಸಂಧ್ಯಾ?"

"ನಾನಿಲ್ದೆ ಬಸ್ಸು ಹತ್ತಾಕೆ ಬಂತಲ್ಲ."